ಇದ್ದೀನಿ ಚೀಟಿ

ಕಂಪ್ಯೂಟರಿಗೆ ಒಂದು ಕೆಲಸ ಹೇಳಿಕೊಡಲು ಮಹದೇವ್ ಬರೆದ ಆ ಫಂಕ್ಷನ್ ಹನ್ನೆರಡೇ ಸಾಲಿನದು. ಇಷ್ಟು ಚೊಕ್ಕವಾಗಿ ಬರೆದೆನಲ್ಲ ಎಂದು ಆವತ್ತು ಅವನು ಬೀಗಿದ್ದೂ ಉಂಟು, ಗೆಳೆಯನಿಗೆ ಫೋಟೋ ತೆಗೆದು ಕಳಿಸಿ ‘ನೋಡು ಮಗಾ, ಹನ್ನೆರಡೇ ಲೈನು’ ಎಂದು ಮೀಸೆ ತಿರುವಿದ್ದೂ ಉಂಟು. ಈಗ ಆ ಫೋಟೋ ಕಣ್ಣಿಗೆ ಬಿದ್ದರೆ ಅವನು ಫೋನನ್ನು ಬೋರಲು ಹಾಕಿಬಿಡುತ್ತಾನೆ. ಬುದ್ಧಿವಂತರು ಮಾಡುವ ತಪ್ಪು ಯಾವಾಗಲೂ ಚೊಕ್ಕವಾಗಿಯೇ ಇರುತ್ತದೆ. ದಡ್ಡರಾದರೆ ಅನುಮಾನ ಬಂದಾಗ ಪಕ್ಕದವರನ್ನಾದರೂ ಕೇಳುತ್ತಾರೆ.

ಮೂಡಲಪಾಳ್ಯದಲ್ಲಿ ಅವರದು ಸ್ವಂತ ಮನೆ. ತಾರಸಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆ, ಅದೇ ಮಹದೇವನ ಆಫೀಸು. ಕಲ್ಯಾಣ ಮಂಟಪ, ಹಾರ್ಡ್‌ವೇರ್ ಅಂಗಡಿ, ಟ್ಯೂಷನ್ ಸೆಂಟರು ಎಂದು ವಿಜಯನಗರದ ಸುತ್ತಮುತ್ತ ಯಾರು ಕೇಳಿದರೂ ವೆಬ್‌ಸೈಟ್ ಮಾಡಿಕೊಡುವುದು ಅವನ ಕಸುಬು. ಹದಿನೇಳು ಮೆಟ್ಟಿಲು ಇಳಿದರೆ ಕೆಳಗಿನ ಮನೆ. ಅಲ್ಲಿ ಹೆಂಡತಿ ಮಾಲಾ, ಮತ್ತು ಅಪ್ಪ ಬೈರಯ್ಯ.

ಬೈರಯ್ಯನವರಿಗೆ ಎಪ್ಪತ್ತನಾಲ್ಕು ವರ್ಷ. ರಾಜಾಜಿನಗರದ ಕಡೆಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ, ಅಂದರೆ ತಗಡನ್ನು ಡೈ ಎಂಬ ಅಚ್ಚಿನ ಕೆಳಗಿಟ್ಟು ಒತ್ತಿ ಬಿಡಿಭಾಗ ತೆಗೆಯುವ ಕಡೆ, ದುಡಿದವರು. ಎಡಗೈಯಲ್ಲಿ ಎರಡು ಬೆರಳಿಲ್ಲ. ಅವು ಹೋದದ್ದು ಇಪ್ಪತ್ತೆಂಟು ವರ್ಷದ ಹಿಂದೆ. ಪ್ರೆಸ್ಸಿನ ಬಾಯಿಗೆ ಕೈ ಹೋಗದಂತೆ ತಡೆಯುವ ಒಂದು ಜಾಲರಿ ಇರುತ್ತದೆ, ಅದಕ್ಕೆ ಗಾರ್ಡ್ ಎನ್ನುತ್ತಾರೆ. ಆ ದಿನ ಬೈರಯ್ಯನವರ ಯಂತ್ರಕ್ಕೆ ಗಾರ್ಡ್ ಇರಲಿಲ್ಲ. ಯಾರು ತೆಗೆದದ್ದು ಎಂದು ವಿಚಾರಣೆ ನಡೆದಾಗ ಪಕ್ಕದ ಯಂತ್ರದ ಪುರುಷೋತ್ತಮ, ಹದಿನೈದು ವರ್ಷ ಒಂದೇ ಡಬ್ಬಿಯಲ್ಲಿ ಮುದ್ದೆ ಮುರಿದುಕೊಂಡು ತಿಂದ ಗೆಳೆಯ, ‘ಬೈರಯ್ಯನೇ ತೆಗೆದಿಟ್ಟಿದ್ದ’ ಎಂದು ಹೇಳಿ ಸಹಿ ಮಾಡಿದರು. ಕಾಗದದಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬಿತ್ತು. ಬೈರಯ್ಯನವರನ್ನು ಯಂತ್ರದಿಂದ ಎಬ್ಬಿಸಿ ಸ್ಟೋರಿನ ಕಿಟಕಿಗೆ ಕೂರಿಸಿದರು, ನಿವೃತ್ತಿಯವರೆಗೆ ಅಲ್ಲೇ ಕೂತರು.

ಬೆರಳಿಗೆ ಅವರು ಅಷ್ಟು ಅತ್ತವರಲ್ಲ. ಆ ಪದಕ್ಕೆ ಅತ್ತರು. ಮಗ ಲೋಟ ಒಡೆಯಲಿ, ಸೊಸೆ ಹಾಲು ಉಕ್ಕಿಸಲಿ, ‘ಹುಷಾರು’ ಎನ್ನುತ್ತಿದ್ದರೇ ಹೊರತು ಆ ಪದವನ್ನು ಮಾತ್ರ ಬಾಯಿಗೆ ತರುತ್ತಿರಲಿಲ್ಲ. ನಿವೃತ್ತರ ಸಂಘದಲ್ಲಿ ಪುರುಷೋತ್ತಮ ಉಪಾಧ್ಯಕ್ಷರಾದರು ಎಂದು ಕೇಳಿದ ದಿನದಿಂದ ಆ ಸಂಘದ ಮೆಟ್ಟಿಲನ್ನೂ ಹತ್ತಲಿಲ್ಲ. “ನಂಗೇನೂ ಬೇಡ ಕಣೋ,” ಎಂದು ಮಗನ ಹತ್ತಿರ ಒಮ್ಮೆ ಹೇಳಿದ್ದರು. “ಆ ಪುರುಷ ಒಂದ್ಸಲ ನನ್ ಮುಂದೆ ನಿಂತ್ಕೊಂಡು, ಬೈರ, ನೀನು ತೆಗ್ದಿರ್ಲಿಲ್ಲ ಅನ್ಲಿ. ನಾನು ಸಾಯೋದ್ರೊಳಗೆ ಅಂದ್ರೆ ಸಾಕು.” ಮುದುಕರಿಗೆ ಕಾಶಿ ರಾಮೇಶ್ವರದ ಆಸೆ ಇರುತ್ತದೆ. ಬೈರಯ್ಯನವರಿಗೆ ಇದ್ದದ್ದು ಈ ಒಂದು ಮಾತಿನ ಆಸೆ.

ಇಷ್ಟೆಲ್ಲ ಗೊತ್ತಿದ್ದೂ ಮಹದೇವ್ ಹೋದ ವರ್ಷ ಅದೇ ಸಂಘದ ವೆಬ್‌ಸೈಟ್ ಕೆಲಸ ಹಿಡಿದ. ಅಪ್ಪನಿಗೆ ಹೇಳಲಿಲ್ಲ, ಹೇಳಿದರೆ ರಂಪ. ತಾನು ಯಾರ ಮಗ ಎಂದು ಸಂಘದವರಿಗೂ ಹೇಳಲಿಲ್ಲ, ಹೇಳಿದರೆ ಹಳೆ ಪುರಾಣ. ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿದ್ದು ಜಾಣತನ ಎಂದುಕೊಂಡ.

ಸಂಘದ ಕಾರ್ಯದರ್ಶಿ ಮೋಹನ್ ಕುಮಾರ್ ಎಂಬುವರು. ಎರಡು ಸಾವಿರ ಸದಸ್ಯರ ಹೆಸರು, ಕಾರ್ಖಾನೆಯ ಟೋಕನ್ ನಂಬರು, ವಿಳಾಸ, ಫೋನು ಎಲ್ಲ ಕಂಪ್ಯೂಟರಿನಲ್ಲಿ ಇತ್ತು. ಆದರೆ ಯಾರು ಇದ್ದಾರೆ, ಯಾರು ಹೋದರು ಎಂದು ಬರೆದುಕೊಳ್ಳುವ ಕಾಲಂ ಇರಲಿಲ್ಲ. ವಾರ್ಷಿಕ ಸಭೆಗೆ ಕರೆಯಲು ಯಾರೋ ಪುಟ ನೋಡಿಕೊಂಡು ಫೋನ್ ಮಾಡಿ, ತೀರಿಕೊಂಡವರ ಹೆಂಡತಿಯ ಹತ್ತಿರ ‘ಸಾರ್ ಇದಾರಾ’ ಎಂದು ಕೇಳಿ, ಆಯಮ್ಮ ಫೋನಿನಲ್ಲೇ ಗೋಳೋ ಎಂದು ಅತ್ತಿದ್ದರಂತೆ.

“ಹೋದೋರ ಹೆಸರಿನ ಹಿಂದೆ ‘ದಿ.’ ಅಂತ ಬರ್ಬೇಕು. ನಂಬರ್ರು, ಅಡ್ರೆಸ್ಸು ಕಾಣ್ಬಾರ್ದು. ಕೆಳಗೆ ಶ್ರದ್ಧಾಂಜಲಿ ಬರೆಯೋಕೆ ಒಂದು ಬಾಕ್ಸ್ ಕೊಟ್ಬಿಡಿ,” ಎಂದರು ಮೋಹನ್ ಕುಮಾರ್.

“ಯಾರು ಹೋಗಿದಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಸಾರ್?”

“ಇದ್ದೀನಿ ಚೀಟಿ ಇದೆಯಲ್ರೀ!”

ಪಿಂಚಣಿ ನಿಲ್ಲಬಾರದೆಂದರೆ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆ ಎಂದು ರುಜು ಹಾಕಬೇಕು. ಅದನ್ನು ನೋಡಿ ಸಂಘದವರೂ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ನವೆಂಬರಿನಲ್ಲಿ ಸದಸ್ಯರೆಲ್ಲ ಸಂಘದ ಕೋಣೆಗೆ ಬಂದು, ಕಾಫಿ ಕುಡಿದು, ‘ಇದ್ದೇನೆ’ ಎಂದು ಅಚ್ಚಾದ ಒಂದು ಚೀಟಿಗೆ ಸಹಿ ಮಾಡಿ ಹೋಗುವುದು. ಬರಲಾಗದವರ ಚೀಟಿಯನ್ನು ಮಕ್ಕಳು ತಂದುಕೊಡುವುದು, ಬಂದದ್ದನ್ನು ಸಂಘದವರು ಕಂಪ್ಯೂಟರಿಗೆ ಏರಿಸುವುದು. ಅದೇ ಇದ್ದೀನಿ ಚೀಟಿ. “ಎರಡು ನವೆಂಬರ್ ಚೀಟಿ ಬರ್ಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು, ಹೋದ್ರು ಅಂತಾನೇ ಲೆಕ್ಕ,” ಎಂದು ಮೋಹನ್ ಕುಮಾರ್ ತೀರ್ಪು ಕೊಟ್ಟರು.

ಟೆಂಪ್ಲೇಟ್ ಅಂದರೆ ಪುಟದ ಅಚ್ಚು. ಎರಡು ಸಾವಿರ ಜನಕ್ಕೆ ಎರಡು ಸಾವಿರ ಪುಟ ಯಾರೂ ಕೂತು ಬರೆಯುವುದಿಲ್ಲ. ಒಂದು ಅಚ್ಚು ಮಾಡಿ, ಹೆಸರು ಬರುವ ಕಡೆ ಖಾಲಿ ಬಿಟ್ಟು, ಸೈಟಿನ ಹಿಂದಿರುವ ಕಂಪ್ಯೂಟರ್, ಅಂದರೆ ಸರ್ವರ್, ತುಂಬಿಕೊಳ್ಳಲಿ ಎಂದು ಬಿಡುತ್ತಾರೆ. ದಿನಾಂಕ ಬರೆಯುವುದು, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಇಂಥ ಕೆಲಸಕ್ಕೆ ಅಚ್ಚಿನ ಜೊತೆಯಲ್ಲೇ ಸಿದ್ಧ ಫಂಕ್ಷನ್ನುಗಳು ಬರುತ್ತವೆ. ಸತ್ತವರು ಯಾರು, ಬದುಕಿದವರು ಯಾರು ಎಂದು ಹೇಳುವ ಫಂಕ್ಷನ್ ಯಾವ ಅಚ್ಚಿನ ಜೊತೆಯೂ ಬರುವುದಿಲ್ಲ. ಅದನ್ನು ಮಹದೇವ್ ತಾನೇ ಬರೆದ. ಎರಡು ವರ್ಷದ ಚೀಟಿ ಇಲ್ಲದಿದ್ದರೆ ‘ದಿ.’, ಇದ್ದರೆ ‘ಶ್ರೀ’ ಅಥವಾ ‘ಶ್ರೀಮತಿ’. ‘ದಿ.’ ಬಂದ ಕಡೆ ಫೋನು, ವಿಳಾಸ ಮಾಯ, ಕೆಳಗೊಂದು ಶ್ರದ್ಧಾಂಜಲಿಯ ಪೆಟ್ಟಿಗೆ ಹಾಜರು. ಅದರಲ್ಲಿ ಯಾರಾದರೂ ಬರೆದರೆ ಕಾರ್ಯದರ್ಶಿ ಓದಿ ಒಪ್ಪುವವರೆಗೆ ಪುಟದಲ್ಲಿ ಕಾಣುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಶುರು ಮಾಡಿದ್ದು ಸಂಜೆಯ ಕಾಫಿಗೆ ಮುಗಿಯಿತು. ಅಕಾರದಿಂದ ಶುರುವಾಗುವ ಮೊದಲ ಪುಟ ತೆರೆದು ನೋಡಿದ. ಎಲ್ಲ ಸರಿಯಾಗಿ ಬಂದಿತ್ತು. ಬಕಾರದವರೆಗೆ ಹೋಗುವ ತಾಳ್ಮೆ ಅವನಿಗೆ ಇರಲಿಲ್ಲ.

ಈ ಬಗೆಯ ಪುಟದಲ್ಲಿ ಒಂದು ಅಪಾಯವಿದೆ. ಅದು ಸರ್ವರಿನಲ್ಲೇ ಪೂರ್ತಿ ತಯಾರಾಗಿ ಬರುತ್ತದೆ. ಬರೆದವನು ಒಳಗೆ ‘ಚೀಟಿ ಇಲ್ಲದಿದ್ದರೆ ಹೋಗಿರಬಹುದು’ ಎಂದು ಅಂದಾಜು ಕಟ್ಟಿರುತ್ತಾನೆ, ನೋಡುವವನಿಗೆ ಆ ‘ಇರಬಹುದು’ ಕಾಣುವುದೇ ಇಲ್ಲ. ‘ದಿ.’ ಎಂದಷ್ಟೇ ಕಾಣುತ್ತದೆ, ಕಲ್ಲಿನಲ್ಲಿ ಕೆತ್ತಿದ ಹಾಗೆ.

ಚೀಟಿ ಕೊಡದೆಯೂ ಬದುಕಿರುವ ಒಬ್ಬ ಮನುಷ್ಯ ಇದ್ದಾನೆ ಎಂದು ಇಡೀ ಬೆಂಗಳೂರಿನಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ಅದು ಮಹದೇವನಿಗೆ ಹೊಳೆಯಬೇಕಿತ್ತು. ನಿವೃತ್ತಿಯ ದಿನವೇ ಎಲ್ಲರ ಹೆಸರನ್ನೂ ಸಂಘದ ಪುಸ್ತಕಕ್ಕೆ ಸೇರಿಸುವ ವಾಡಿಕೆ, ಬೈರಯ್ಯನವರ ಹೆಸರೂ ಅದರಲ್ಲಿತ್ತು. ಅವರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ರುಜು ಹಾಕಿ, ಸಂಘದ ಬೀದಿಯನ್ನು ಬಳಸಿಕೊಂಡು ಮನೆಗೆ ಬರುತ್ತಿದ್ದರು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ.

ಗೊತ್ತಾದದ್ದು ಹದಿನಾಲ್ಕು ತಿಂಗಳ ಮೇಲೆ, ಈ ಅಕ್ಟೋಬರಿನಲ್ಲಿ. ಹೊಸ ನವೆಂಬರಿಗೆ ಸೈಟು ತಯಾರು ಮಾಡಲು ಹೇಳಿ ಮೋಹನ್ ಕುಮಾರ್ ಫೋನ್ ಮಾಡಿದರು. ಮಹದೇವ್ ಒಳಹೊಕ್ಕು ನೋಡಿದರೆ ಒಪ್ಪಿಗೆಗೆ ಕಾದಿರುವ ಶ್ರದ್ಧಾಂಜಲಿಗಳು ನಲವತ್ತೊಂದು. ಮೋಹನ್ ಕುಮಾರ್ ಒಂದನ್ನೂ ತೆರೆದಿರಲಿಲ್ಲ. ತೆರೆದು ನೋಡಬೇಕೆಂದು ಮಹದೇವನೂ ಅವರಿಗೆ ಒತ್ತಿ ಹೇಳಿರಲಿಲ್ಲ. ಒಂದೊಂದೇ ಓದುತ್ತಾ ಹೋದ. ಹನ್ನೆರಡನೆಯದರ ತಲೆಯ ಮೇಲೆ ಹೀಗಿತ್ತು: ದಿ. ಬೈರಯ್ಯ, ಟೋಕನ್ ನಂ. 1147, ಪ್ರೆಸ್ ಶಾಪ್.

ಆ ಟೋಕನ್ನಿನ ಹಿತ್ತಾಳೆ ಬಿಲ್ಲೆ ಕೆಳಗಿನ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಚಿಕ್ಕಂದಿನಲ್ಲಿ ಅವನು ಅಂಕಿ ಕಲಿತದ್ದೇ ಅದರ ಮೇಲೆ. ಕೆಳಗೆ ಬರೆದಿದ್ದನ್ನು ಅವನು ನಿಂತುಕೊಂಡೇ ಓದಿದ.

‘ಬೈರ, ನಾನು ಪುರುಷೋತ್ತಮ. ಈಗ ಕೆಂಗೇರಿಯಲ್ಲಿ ಮಗಳ ಮನೇಲಿ ಇದೀನಿ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿದೆ, ನಾನು ಹೇಳಿದ್ದನ್ನ ಮಗಳು ಸುಮಾ ಬರೀತಾ ಇದಾಳೆ. ನಿನ್ನ ನಂಬರ್ ಹುಡುಕಿಸೋಕೆ ಅಂತ ಈ ಪುಟ ತೆಗೆಸಿದೆ. ನೋಡಿದ್ರೆ ನೀನು ಹೋಗಿಬಿಟ್ಟಿದೀಯ. ಸಂಘಕ್ಕೆ ಫೋನ್ ಮಾಡಿಸಿ ಕೇಳಿದೆ, ಅವರೂ ಪುಟ ನೋಡಿ ಹೌದು ಅಂದರು. ಆವತ್ತು ಗಾರ್ಡ್ ತೆಗೆದಿದ್ದು ನಾನು. ನೀನು ಟೀಗೆ ಹೋಗಿದ್ದಾಗ ನಿನ್ನ ಪ್ರೆಸ್ಸಲ್ಲಿ ತಗಡು ಸಿಕ್ಕಿಕೊಂಡಿತ್ತು, ಬಿಡಿಸಿಕೊಡೋಣ ಅಂತ ತೆಗೆದೆ. ವಾಪಸ್ ಹಾಕೋದು ಮರೆತೆ. ಸೈನ್ ಮಾಡುವಾಗ ಸುಮಾ ಅವಳಮ್ಮನ ಹೊಟ್ಟೇಲಿದ್ದಳು, ಕೆಲಸ ಹೋದ್ರೆ ಏನು ಗತಿ ಅಂತ ಹೆದರಿದೆ. ಮೂರು ಸಲ ಮೂಡಲಪಾಳ್ಯದ ಬಸ್‌ಸ್ಟಾಪಿನವರೆಗೆ ಬಂದಿದ್ದೆ. ನಿನ್ನ ಮನೆ ಯಾವುದು ಅಂತ ಕೇಳೋ ಧೈರ್ಯ ಬರದೆ ವಾಪಸ್ ಹೋದೆ. ನೀನು ಅಜಾಗರೂಕ ಅಲ್ಲ ಬೈರ. ನಿನ್ನಂಥ ಕೆಲಸಗಾರನ್ನ ನಾನು ನೋಡಿಲ್ಲ. ನಿನ್ನ ಮಕ್ಕಳು ಯಾರಾದ್ರೂ ಇದನ್ನ ಓದಿದ್ರೆ ಫೋನ್ ಮಾಡಲಿ. ನಿನ್ನ ಫೋಟೋ ಮುಂದೆ ಒಂದು ಸಲ ಕೈಮುಗೀಬೇಕು.’

ಕೆಳಗೆ ಒಂದು ಫೋನ್ ನಂಬರು, ತಾರೀಖು ಇತ್ತು. ಹೋದ ವರ್ಷದ ಆಗಸ್ಟ್.

ಮಹದೇವ್ ಆ ಕ್ಷಣವೇ ಆ ನಂಬರಿಗೆ ಫೋನ್ ಮಾಡಿದ. ಎತ್ತಿದ್ದು ಹೆಂಗಸಿನ ದನಿ.

“ಪುರುಷೋತ್ತಮ ಅವ್ರು ಇದಾರಾ?”

“ಅಪ್ಪ ಹೋಗಿ ಇಪ್ಪತ್ತು ದಿನ ಆಯ್ತು ಸಾರ್. ನಾನು ಅವ್ರ ಮಗಳು ಸುಮಾ. ತಾವು ಯಾರು?” ಉತ್ತರಕ್ಕೆ ಕಾಯದೆ ಅವಳೇ ಕೇಳಿದಳು. “ಬೈರಯ್ಯ ಅಂಕಲ್ ಮನೆಯವ್ರಾ? ಅವ್ರ ಮಕ್ಳು ಯಾರಾದ್ರೂ ಮಾಡ್ತಾರೆ ಅಂತ ಅಪ್ಪ ಕೊನೇವರೆಗೂ ಕಾಯ್ತಿದ್ರು. ಫೋನ್ ರಿಂಗ್ ಆದಾಗೆಲ್ಲ ಯಾರು, ಯಾರು ಅನ್ನೋರು.”

“ಇಲ್ಲ... ನಾನು ಸಂಘದ ಕಡೆಯಿಂದ. ವೆಬ್‌ಸೈಟ್ ನೋಡ್ಕೊಳ್ಳೋನು,” ಎಂದು ಮಹದೇವ್ ಫೋನ್ ಇಟ್ಟ. ಅಪ್ಪ ಇದ್ದಾರೆ ಎಂಬ ಎರಡು ಮಾತನ್ನು ಹೇಳದೆಯೇ ಉಳಿಸಿಕೊಂಡ. ಹದಿಮೂರು ತಿಂಗಳು ಇಬ್ಬರು ಮುದುಕರೂ ಬದುಕಿದ್ದರು. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಕೆಂಗೇರಿಗೆ ಅರ್ಧ ಗಂಟೆಯೂ ಬೇಡ. ಒಬ್ಬರು ಹೇಳಲು ಕಾದಿದ್ದರು, ಇನ್ನೊಬ್ಬರು ಕೇಳಲು ಕಾದಿದ್ದರು, ಮಧ್ಯೆ ಅವನ ಹನ್ನೆರಡು ಸಾಲು ಅಡ್ಡ ಮಲಗಿತ್ತು.

ಮೂರು ದಿನ ಅವನು ಅಪ್ಪನ ಮುಖ ನೋಡದೆ ಓಡಾಡಿದ. ನಾಲ್ಕನೆಯ ದಿನ ಮಾಲಾ, “ಏನಾಗಿದೆ ನಿಮ್ಗೆ? ಮಾವ ಎರಡು ಸಲ ಕೇಳಿದ್ರು,” ಎಂದಾಗ ಎಲ್ಲ ಹೇಳಿಬಿಟ್ಟ. ಅವಳು ಒಲೆ ಆರಿಸಿ ಬಂದು ಅವನ ಎದುರಿಗೆ ಕೂತಳು. ಆಮೇಲೆ, “ಆ ಮಾತು ಅವ್ರಿಗೆ ಬಂದಿರೋದು. ನಿಮ್ಮ ಹತ್ರ ಇಟ್ಕೊಳ್ಳೋಕೆ ನಿಮ್ಗೇನು ಹಕ್ಕಿದೆ?” ಎಂದಳು.

ಬೆಳಗಿನ ಹನ್ನೊಂದು ಗಂಟೆ. ಬೈರಯ್ಯ ಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು, ಮೊರದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಮಹದೇವ್ ಪಕ್ಕದಲ್ಲಿ ಕೂತು, ಅಕ್ಷರ ದೊಡ್ಡದು ಮಾಡಿ, ಮೊಬೈಲನ್ನು ಅವರ ಕೈಗೆ ಕೊಟ್ಟ. “ಪುರುಷೋತ್ತಮ ಬರೆದಿರೋದು,” ಎಂದಷ್ಟೇ ಹೇಳಿದ.

ಅವರು ಒಂದೊಂದೇ ಪದ ತುಟಿಯಲ್ಲಿ ಆಡಿಕೊಳ್ಳುತ್ತಾ ಓದಿದರು. ‘ಗಾರ್ಡ್ ತೆಗೆದಿದ್ದು ನಾನು’ ಎಂಬಲ್ಲಿ ತುಟಿ ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ಅದನ್ನೇ ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು, ಒರೆಸಿದ್ದು ಕನ್ನಡಕವನ್ನಷ್ಟೇ ಅಲ್ಲ.

“ಬಸ್‌ಸ್ಟಾಪ್ ತಂಕ ಬಂದಿದ್ನಂತಲ್ಲೋ,” ಎಂದರು. ಆ ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. “ಒಂದು ಕೂಗು ಹಾಕಿದ್ರೆ ನಾನೇ ಹೋಗ್ತಿದ್ದೆ. ಹೆದರ್ಪುಕ್ಲ, ಮೊದ್ಲಿಂದಾನೂ ಹಂಗೇ ಅವ್ನು.” ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದೇಬಿಟ್ಟರು. “ಕೆಂಗೇರಿ ಅಲ್ವಾ? ನಡಿ, ಈಗ್ಲೇ ಹೋಗ್ಬರಾಣ. ನಾನು ಸತ್ತೋಗಿದೀನಿ ಅಂದ್ಕೊಂಡಿದಾನೆ ಮುಂಡೇದು. ಎದುರಿಗೆ ಹೋಗಿ ನಿಂತ್ರೆ ಮುಖ ಹೆಂಗಾಗುತ್ತೆ ನೋಡ್ಬೇಕು!”

ಮಹದೇವ್ ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ಬೀರು ತೆರೆದ ಸದ್ದು, ನಲ್ಲಿಯಲ್ಲಿ ಮುಖ ತೊಳೆದ ಸದ್ದು ಕೇಳಿತು. ಇಪ್ಪತ್ತೆಂಟು ವರ್ಷದಲ್ಲಿ ಅಪ್ಪ ಇಷ್ಟು ಚುರುಕಾಗಿ ನಡೆದದ್ದನ್ನು ಅವನು ನೋಡಿರಲಿಲ್ಲ. ಬಂದಾಗ ಮದುವೆ ಮುಂಜಿಗೆ ಹಾಕುವ ಬಿಳಿ ಶರ್ಟು ಮೈಮೇಲಿತ್ತು. ಮೊಳೆಯಿಂದ ಹಿತ್ತಾಳೆ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು, ಮೂರು ಬೆರಳಿನ ಕೈಯಲ್ಲಿ ಗುಂಡಿ ಹಾಕಿಕೊಳ್ಳುತ್ತಾ ಬಂದರು.

“ಅಪ್ಪ, ಅವ್ರು ಇಲ್ಲ,” ಎಂದ ಮಹದೇವ್. “ಹೋಗಿ ಇಪ್ಪತ್ತು ದಿನದ ಮೇಲಾಯ್ತು.”

ಗುಂಡಿಯ ಮೇಲಿದ್ದ ಕೈ ಅಲ್ಲೇ ನಿಂತಿತು. ಬೈರಯ್ಯ ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. ಬೀದಿಯಲ್ಲಿ ಯಾರೋ ಹೂವು ಕೂಗಿಕೊಂಡು ಹೋದರು. ಮೊಬೈಲಿನ ಕಡೆ ಕೈ ತೋರಿಸಿ, “ಯಾವಾಗ ಬರ್ದಿದ್ದು ಇದು?” ಎಂದು ಕೇಳಿದರು.

ಮಹದೇವ್ ಎಲ್ಲ ಹೇಳಿದ. ಸಂಘದ ಕೆಲಸ ಹಿಡಿದದ್ದು, ಮುಚ್ಚಿಟ್ಟದ್ದು, ಚೀಟಿಯ ಲೆಕ್ಕ. ಫಂಕ್ಷನ್ ಅಂದರೇನು ಎಂದು ಅವರಿಗೆ ತಿಳಿಯುವಂತೆ ಹೇಳಲು ತಡಕಾಡಿದ. “ಡೈ ಇರುತ್ತಲ್ಲಪ್ಪ, ಹಂಗೆ. ಒಂದು ಡೈ ಮಾಡಿಟ್ರೆ ಎಲ್ರ ಹೆಸರೂ ಅದರ ಕೆಳಗೆ ಹೋಗಿ ಒತ್ಕೊಂಡು ಬರ್ತವೆ. ಚೀಟಿ ಇಲ್ದೇ ಇರೋ ಹೆಸರು ಹೋದ್ರೆ ‘ದಿ.’ ಅಂತ ಒತ್ತುತ್ತೆ. ಆ ಡೈ ಮಾಡಿದ್ದು ನಾನು.”

ಬೈರಯ್ಯ ಮಗನ ಕಡೆ ತಿರುಗಿ ಕೇಳಿದರು. “ಗಾರ್ಡ್ ಹಾಕಿರ್ಲಿಲ್ವೇನೋ?”

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ, ಕಸುಬು ಗೊತ್ತಿದ್ದವರು ಕೇಳುವ ಹಾಗೆ ಕೇಳಿದರು. ನಿಜವಾಗಿಯೂ ಹೋದರಾ ಎಂದು ಒಂದು ಸಲ ಯಾರನ್ನಾದರೂ ಕೇಳಿ ನೋಡುವ ಒಂದೇ ಒಂದು ಸಾಲು ಮಹದೇವನ ಆ ಹನ್ನೆರಡರಲ್ಲಿ ಇರಲಿಲ್ಲ.

“ನಾನು ಇದೀನೋ ಇಲ್ವೋ ಅಂತ ಆ ಮಿಷನ್ನನ್ನ ಕೇಳಿದ್ಯಲ್ಲೋ. ಹದ್ನೇಳು ಮೆಟ್ಲು ಇಳಿದು ಬಂದಿದ್ರೆ ನಾನೇ ಹೇಳ್ತಿದ್ದೆ.”

ಮಹದೇವನ ಕಣ್ಣಿನಿಂದ ನೀರು ಇಳಿಯಿತು. ಬೈರಯ್ಯ ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಸೊಪ್ಪಿನ ಮೊರವನ್ನು ಇನ್ನಷ್ಟು ಆಚೆಗೆ ಸರಿಸಿ, “ಅವನ ಹೆಸರಿನ ಕೆಳಗೂ ಆ ಬರೆಯೋ ಪೆಟ್ಗೆ ಇರುತ್ತಾ? ತೆಗಿ. ನಾನೂ ನಾಕು ಮಾತು ಬರೀಬೇಕು,” ಎಂದರು.

ಪುಟ ತೆರೆದರೆ ಅಲ್ಲಿ ‘ಶ್ರೀ ಪುರುಷೋತ್ತಮ, ಕೆಂಗೇರಿ’ ಎಂದಿತ್ತು. ಹೋದ ನವೆಂಬರಿನ ಚೀಟಿಯನ್ನು ಸುಮಾ ತಂದುಕೊಟ್ಟಿದ್ದಳು. ಇನ್ನೂ ಎರಡು ನವೆಂಬರ್ ಕಳೆಯುವವರೆಗೆ ಆ ಪುಟದಲ್ಲಿ ಅವರಿಗೆ ಸಾವಿಲ್ಲ. ಬರೆಯಲು ಪೆಟ್ಟಿಗೆಯೂ ಇಲ್ಲ, ಫೋನ್ ನಂಬರು ಮಾತ್ರ ಇತ್ತು.

“ಇಲ್ಲಿ ಅವ್ನು ಇದಾನೆ, ನಾನಿಲ್ಲ,” ಎಂದರು ಬೈರಯ್ಯ. ಹೆಬ್ಬೆರಳನ್ನು ಆ ನಂಬರಿನ ಮೇಲೆ ಒತ್ತಿದರು. ಅದು ರಿಂಗ್ ಆಯಿತು. ಅವರಿಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಂಡರು.

“ಹಲೋ, ಯಾರು?” ಸುಮಾಳ ದನಿ.

“ನಾನು ಬೈರಯ್ಯ ಕಣಮ್ಮ. ಪ್ರೆಸ್ ಶಾಪ್ ಬೈರಯ್ಯ.”

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿತು. “ಅಂಕಲ್... ನೀವು...”

“ಇದೀನಿ ತಾಯಿ. ನಿಮ್ಮಪ್ಪ ಬರೆಸಿದ್ದು ಇವತ್ತು ನನ್ ಕೈಗೆ ಬಂತು. ಓದಿದೆ. ನನ್ ಮನಸ್ನಲ್ಲಿ ಇನ್ನೇನೂ ಇ‌ಲ್ಲ.”

“ಅಪ್ಪ ಇದ್ದಾಗ್ಲೂ ಇದ್ರಾ?” ಅವಳ ದನಿ ಒಡೆಯಿತು. “ನೀವು ಹೋದ್ರಿ ಅಂತ ಆವತ್ತು ಅವ್ರು ಊಟಾನೇ ಮಾಡ್ಲಿಲ್ಲ ಅಂಕಲ್. ಯಾರು ಹಂಗೆ ಹಾಕಿದ್ದು? ಯಾರು ಮಾಡಿದ್ದು ಇದನ್ನ?”

ಬೈರಯ್ಯ ಒಮ್ಮೆ ಮಗನನ್ನು ನೋಡಿದರು. ಮತ್ತೆ ಫೋನಿನ ಕಡೆ ಬಾಗಿದರು.

“ಯಾರೂ ಅಲ್ಲಮ್ಮ, ತಪ್ಪು ನಂದೇ. ಚೀಟಿ ಕೊಡ್ದೇ ಕೂತಿದ್ದೆ. ನನ್ನ ಅಜಾಗರೂಕತೆ.”

ಆ ಪದ ಅಪ್ಪನ ಬಾಯಲ್ಲಿ ಬಂದದ್ದನ್ನು ಮಹದೇವ್ ಕೇಳಿದ್ದು ಅದೇ ಮೊದಲು. ಹಾಗೇ ಬಿಟ್ಟರೆ ಮುಗಿದುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಗಳಿಗೆ ಅವನ ಮನಸ್ಸು ಹೇಳಿದ್ದು ಸುಳ್ಳಲ್ಲ. ಆ ಕಾಗದಕ್ಕೆ ಸಹಿ ಮಾಡುವಾಗ ಪುರುಷೋತ್ತಮರಿಗೂ ಹೀಗೇ ಆಗಿರಬೇಕು.

“ಫೋನ್ ಕೊಡಪ್ಪ,” ಎಂದು ಕೈಚಾಚಿದ.

“ಬಿಡೋ, ಹೋಗ್ಲಿ.”

“ಇಲ್ಲ, ಕೊಡು. ನಂದು ನಾನು ಹೇಳ್ತೀನಿ.”

ಬೈರಯ್ಯ ಫೋನನ್ನು ಮಗನ ಕೈಗಿಟ್ಟು, ಶರ್ಟಿನ ಉಳಿದ ಗುಂಡಿಗಳನ್ನು ಹಾಕಿಕೊಳ್ಳತೊಡಗಿದರು.